ಮಲ್ಲಿಗೆಯ ಕುಂಡ ಬದಲಿಸುವ ಕಾಲ ಮತ್ತು ಕ್ರಮ

ಅಂತರಸಂತೆಯ ಸುತ್ತಿನ ಮನೆಗಳಲ್ಲಿ ಕುಂಡದ ದುಂಡುಮಲ್ಲಿಗೆ ಬೇಸಿಗೆಯಲ್ಲಿ ಹೇರಳವಾಗಿ ಅರಳಿ, ಚಳಿಗಾಲದಲ್ಲಿ ವಿಶ್ರಮಿಸುತ್ತದೆ. ಆ ವಿಶ್ರಾಂತಿಯ ಕೊನೆಯಲ್ಲಿ, ಹೊಸ ಚಿಗುರಿಗೆ ಮುನ್ನ, ಜನವರಿಯ ಹೊತ್ತಿಗೆ ಕುಂಡ ಬದಲಿಸುವುದು ಯುಕ್ತ. ಮೊಗ್ಗಿರುವಾಗ ಬೇರು ಕದಲಿಸಿದರೆ ಮೊಗ್ಗುಗಳು ಉದುರುತ್ತವೆ.

ತಳದ ರಂಧ್ರದಿಂದ ಬೇರು ಹೊರಬಂದಿದ್ದರೆ, ಎರೆದ ನೀರು ಮಣ್ಣಿನಲ್ಲಿ ನಿಲ್ಲದೆ ಸೋರಿಹೋಗುತ್ತಿದ್ದರೆ, ಕುಂಡ ಕಿರಿದಾಯಿತೆಂದು ತಿಳಿಯಬೇಕು. ಹೊಸ ಕುಂಡ ಹಳೆಯದಕ್ಕಿಂತ 2 ಅಂಗುಲ ಅಗಲವಿದ್ದರೆ ಸಾಕು. ಅತಿ ದೊಡ್ಡದರಲ್ಲಿ ತೇವ ಉಳಿದು ಬೇರು ಕೊಳೆಯುತ್ತದೆ. 2 ಪಾಲು ಕೆಮ್ಮಣ್ಣಿಗೆ 1 ಪಾಲು ಮರಳು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಿಂದಿನ ದಿನವೇ ನೀರೆರೆದು, ಗಿಡವನ್ನು ಮಣ್ಣಿನ ಹೆಂಟೆಯೊಡನೆ ಬಿಡಿಸಿ, ಕೊಳೆತ ಬೇರುಗಳನ್ನು ಕತ್ತರಿಸಿ, ಮೊದಲಿದ್ದ ಆಳಕ್ಕೇ ನೆಡಬೇಕು. ಬಳಿಕ ಒಂದು ವಾರ ನೆರಳಿನಲ್ಲಿಡಬೇಕು.

ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕಾದುದು ಕುಂಡದಡಿಯ ತಟ್ಟೆ. ಅದರಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ 7ರಿಂದ 10 ದಿನಗಳಲ್ಲಿ ಬೆಳೆದು ಹೊರಬರುತ್ತದೆ. ತಟ್ಟೆ ಒಣಗಿದರೂ ಅಂಚಿಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಬದಲಿಸಿ ಉಳಿದ ಹಳೆಯ ಕುಂಡವನ್ನೂ ಮಳೆನೀರು ನಿಲ್ಲದಂತೆ ಬೋರಲು ಹಾಕಬೇಕು. ಹೂವಿನ ಮನೆ ಜ್ವರದ ಮನೆಯಾಗದಿರಲು ಇಷ್ಟು ಎಚ್ಚರ ಅವಶ್ಯ.