ಕಚೇರಿ ಆವರಣಕ್ಕೆ ನಮ್ಮ ನೆಲದ ಗಿಡಗಳು: ಅಲ್ಪ ನೀರಿನ ಉದ್ಯಾನ ನಿರ್ಮಾಣ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲೂಕುಗಳಲ್ಲಿ ಪಂಚಾಯತಿ ಕಚೇರಿ, ಶಾಲೆ ಅಥವಾ ಅಂಗನವಾಡಿ ಆವರಣದ ಉದ್ಯಾನದ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬಂದಾಗ, ಅಂದಾಜು ಪಟ್ಟಿಯ ಮೊತ್ತವನ್ನು ನೋಡುವ ಮೊದಲು ಸದಸ್ಯರು ಕೇಳಬೇಕಾದ ಪ್ರಶ್ನೆಯೊಂದಿದೆ: ಏಪ್ರಿಲ್, ಮೇ ತಿಂಗಳುಗಳಲ್ಲಿ ಇದಕ್ಕೆ ನೀರು ಎಲ್ಲಿಂದ ಬರುತ್ತದೆ?

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ದಿನಕ್ಕೆ 5 ಮಿ.ಮೀ. ಸಾಕೆಂದು ಕಡಿಮೆಯಾಗಿಯೇ ಹಿಡಿದರೂ, 100 ಚದರ ಮೀಟರಿಗೆ ದಿನಂಪ್ರತಿ 500 ಲೀಟರ್ ಬೇಕು. ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ 55 ಲೀಟರ್ ಎಂದರೆ, ಅದು ಒಂಬತ್ತು ಜನರ ಪಾಲಿನ ನೀರು. ಟ್ಯಾಂಕರಿಗಾಗಿ ಕೊಡಗಳು ಸಾಲುಗಟ್ಟಿ ನಿಂತ ಊರಿನಲ್ಲಿ ಹುಲ್ಲುಹಾಸಿಗೆ ಪೈಪು ಹಿಡಿಯುವಂತೆ ನೀರುಗಂಟಿಗೆ ಹೇಳುವ ಧೈರ್ಯ ಯಾವ ಸದಸ್ಯರಿಗೂ ಇರಲಾರದು. ಆದ್ದರಿಂದ ಹುಲ್ಲುಹಾಸನ್ನು ಅಂದಾಜು ಪಟ್ಟಿಯಿಂದಲೇ ಕೈಬಿಡುವುದು ಒಳಿತು.

ಎರೆಭೂಮಿಯ ಸ್ವಭಾವವನ್ನು ತೊಗರಿ ಬೆಳೆಯುವ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ; ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆದರೆ ಉದ್ಯಾನಕ್ಕೆ ಸಂಬಂಧಿಸಿದಂತೆ ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದು, ಗುಂಡಿಯಲ್ಲಿ ನಿಂತ ನೀರು ಬೇಗ ಇಂಗದೆ ಎಳೆಯ ಬೇರು ಕೊಳೆಯುತ್ತದೆ. ಭೀಮಾ ತೀರದ ಆಳವಾದ ಎರೆಯಲ್ಲಿ ಸಸಿಗಳು ಒಣಗಿ ಸಾಯುವಂತೆ ನೀರು ನಿಂತೂ ಸಾಯುತ್ತವೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಅಗೆದ ಮಣ್ಣಿಗೆ ಮೊರಂ ಮತ್ತು ತಿಪ್ಪೆಗೊಬ್ಬರ ಬೆರೆಸಿ, ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರಕ್ಕೆ ತುಂಬಬೇಕು. ಆಳಂದದ ಮಡ್ಡಿ ಭೂಮಿಯಲ್ಲಿ ಇದಕ್ಕೆ ವಿರುದ್ಧವಾಗಿ, ನೀರು ನಿಲ್ಲುವಂತೆ ಪಾತಿಯನ್ನು ತಗ್ಗಾಗಿಯೇ ಇಡಬೇಕು. ಎರಡನೆಯದು ಕಟ್ಟಡದ ವಿಷಯ. ದೊಡ್ಡ ಮರದ ಬೇರು ಎರೆಮಣ್ಣಿನ ತೇವವನ್ನು ಹೀರಿದಾಗ ಮಣ್ಣು ಕುಗ್ಗಿ ತಳಪಾಯ ಕುಸಿಯಬಹುದು, ಗೋಡೆ ಸೀಳಬಹುದು. ಬೇವು, ಹುಣಸೆಗಳು ಕಾಂಪೌಂಡಿನ ಅಂಚಿನಲ್ಲಿರಲಿ. ಗೋಡೆಯ ಪಕ್ಕದಲ್ಲಿ ಬೇಡ.

ಮರಗಳಲ್ಲಿ ಬೇವು, ಹೊಂಗೆ, ಹುಣಸೆ, ಬನ್ನಿ ಇವು ಸಾಕು. ಬನ್ನಿ ನಿಧಾನವಾಗಿ ಬೆಳೆಯುತ್ತದೆ. ಆದರೆ ಅದರ ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಒಮ್ಮೆ ಹಿಡಿದ ಗಿಡ ಬರಗಾಲಕ್ಕೂ ಜಗ್ಗದು. ದಸರೆಯಲ್ಲಿ ಬನ್ನಿ ವಿನಿಮಯ ಮಾಡುವ ಊರುಗಳಲ್ಲಿ ಎಲೆಗಾಗಿ ಹಳೆಯ ಮರಗಳನ್ನೇ ಬೋಳಿಸುವುದನ್ನು ಕಾಣುತ್ತೇವೆ; ಹೊಸ ಸಸಿ ನೆಡುವವರು ವಿರಳ. ಬೇಲಿಗೆ ಆಡುಸೋಗೆ ಮತ್ತು ಲಕ್ಕಿ ಗಿಡಗಳು ಉತ್ತಮ. ಆಡು, ಕುರಿಗಳು ಸಾಮಾನ್ಯವಾಗಿ ಇವುಗಳಿಗೆ ಬಾಯಿ ಹಾಕುವುದಿಲ್ಲವಾದ್ದರಿಂದ ತಂತಿಬೇಲಿಯ ವೆಚ್ಚ ಬಹುಮಟ್ಟಿಗೆ ಉಳಿಯುತ್ತದೆ. ಹೂವಿನ ಅಂದ ಬೇಕೆನ್ನುವವರಿಗೆ ನಮ್ಮ ಹೊಲದ ಬದುಗಳಲ್ಲೇ ಹಳದಿ ಹೂ ಬಿಡುವ ತಂಗಡಿ ಇದೆ. ಬೇಗ ಹಸಿರಾಗುತ್ತದೆಂದು ಮಾರುವ ಕೋನೋಕಾರ್ಪಸ್ ಸಸಿಯನ್ನು ಮಾತ್ರ ತರಬಾರದು. ಗುಜರಾತ್ ಸರ್ಕಾರವು 2023ರಲ್ಲಿಯೇ ಅದನ್ನು ನೆಡುವುದನ್ನು ನಿಷೇಧಿಸಿದೆ. ಬಳ್ಳಾರಿ ಜಾಲಿ ಹೇಗೂ ಕರೆಯದೆ ಬರುತ್ತದೆ. ಚಿಕ್ಕದಿರುವಾಗಲೇ ಬೇರುಸಹಿತ ಕೀಳಿಸಬೇಕು.

ದೇಶಿ ಗಿಡಕ್ಕೆ ನೀರೇ ಬೇಡವೆಂಬುದು ತಪ್ಪು ತಿಳುವಳಿಕೆ. ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ಸಸಿಯ ಪಕ್ಕ ಕಂಠದವರೆಗೆ ಹೂತಿಟ್ಟ ಮಣ್ಣಿನ ಮಡಕೆಗೆ ನೀರು ತುಂಬಿ ಮುಚ್ಚಿದರೆ, ಅದು ಬೇರಿನ ಬಳಿ ನಿಧಾನವಾಗಿ ಜಿನುಗುತ್ತದೆ, ಆವಿಯಾಗಿ ಹೋಗುವುದಿಲ್ಲ. ಪಾತಿಯ ಮೇಲೆ ತೊಗರಿ ಕಟ್ಟಿಗೆಯ ತುಂಡು ಹಾಗೂ ಒಣ ಎಲೆಗಳನ್ನು ಹರಡಿದರೆ ಮಣ್ಣು ಬಿರಿಯುವುದೂ ತಗ್ಗುತ್ತದೆ. ಶಾಲೆಗಳಲ್ಲಿ ಬಿಸಿಯೂಟದ ಮೊದಲು ಮಕ್ಕಳು ಕೈತೊಳೆದ ನೀರನ್ನು ಪಾತಿಗಳಿಗೆ ಹರಿಸಬಹುದು. ಆದರೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರನ್ನು ಸಸಿಗಳಿಗೆ ಬಿಡುವ ಆಲೋಚನೆ, ಕೇಳಲು ಜಾಣತನವೆನಿಸಿದರೂ, ಎರೆಭೂಮಿಗೆ ಸಲ್ಲದು. ಆ ನೀರಿನಲ್ಲಿ ಲವಣಾಂಶ ದಟ್ಟವಾಗಿರುತ್ತದೆ. ಬಸಿಯದ ಮಣ್ಣಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಶೇಖರಗೊಳ್ಳುತ್ತದೆ.

ಇನ್ನು ದಿನಾಂಕದ ಮಾತು. ಜೂನ್ 5ರ ಪರಿಸರ ದಿನದಂದು ನೆಡುವುದು ವಾಡಿಕೆ. ನಮ್ಮಲ್ಲಿ ಆ ಹೊತ್ತಿಗೆ ನೆಲ ಪೂರ್ತಿ ನೆನೆದಿರುವುದು ಅಪರೂಪ. ಅಂದು ಕಾರ್ಯಕ್ರಮಕ್ಕಾಗಿ ಒಂದೆರಡು ಸಸಿ ನೆಟ್ಟು, ಉಳಿದವನ್ನು ಮಣ್ಣು ಒಂದು ಅಡಿ ಆಳದವರೆಗೆ ಹಸಿಯಾದ ಬಳಿಕ ನೆಡುವುದು ಲೇಸು. ಠರಾವಿನಲ್ಲಿ ಸಸಿಗಳ ಸಂಖ್ಯೆಯ ಜೊತೆಗೆ, ಎರಡು ಬೇಸಿಗೆ ಮಡಕೆ ತುಂಬುವ ಹೊಣೆ ಯಾರದೆಂಬುದನ್ನೂ ಅದರ ಕೂಲಿ ಯಾವ ಲೆಕ್ಕಶೀರ್ಷಿಕೆಯಿಂದ ಎಂಬುದನ್ನೂ ಬರೆಸಿರಿ. ಬದುಕುಳಿದ ಗಿಡಗಳ ಎಣಿಕೆಯನ್ನು ಪ್ರತಿ ಜೂನ್ ತಿಂಗಳ ಸಭೆಯಲ್ಲಿ ಮಂಡಿಸುವಂತೆ ಅಭಿವೃದ್ಧಿ ಅಧಿಕಾರಿಗೆ ಸೂಚಿಸಿರಿ.