ಹಳೆಯ ಸೀಸೆಯ ನೊಣವನ್ನು ನಂಬುವ ಮುಂಚೆ

ಹಣ್ಣುನೊಣದ ನಿದ್ದೆಯ ಮೇಲೆ ಪಿಎಚ್.ಡಿ. ಮಾಡ್ತೀನಿ ಅಂದೆಯಲ್ಲ, ಒಳ್ಳೆಯದಮ್ಮಾ. ನೊಣಕ್ಕೆಂಥ ನಿದ್ದೆ ಅಂತ ನಗುವವರು ಸಿಕ್ಕೇ ಸಿಗ್ತಾರೆ. ಅವರಿಗೆ 2000ನೇ ಇಸವಿಯಲ್ಲೇ ಉತ್ತರ ಸಿಕ್ಕಿದೆ. ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿಕೊಟ್ಟವು: ರಾತ್ರಿಯೆಲ್ಲ ಎಬ್ಬಿಸಿಟ್ಟರೆ ನೊಣ ಮರುದಿನ ಹೆಚ್ಚು ಮಲಗಿ ಬಾಕಿ ತೀರಿಸುತ್ತದೆ, ಕೆಫೀನ್ ಕೊಟ್ಟರೆ ನಮ್ಮ ಹಾಗೇ ನಿದ್ದೆಗೆಡುತ್ತದೆ.

ನಿನಗೆ ಬೇಕಾದ ಕಥೆ ಆಮೇಲಿನದು. ವಿಸ್ಕಾನ್ಸಿನ್‌ನಲ್ಲಿ ಕಿಯಾರಾ ಚಿರೆಲ್ಲಿ, ಜೂಲಿಯೋ ಟೊನೋನಿ ಮತ್ತು ಸಂಗಡಿಗರು ಸುಮಾರು 9,000 ತಳಿಗಳನ್ನು ಜಾಲಾಡಿದರು. ದಿನಕ್ಕೆ ನಾಲ್ಕೈದು ಗಂಟೆಯಷ್ಟೇ ಮಲಗುವ ಮ್ಯುಟೆಂಟ್ ಒಂದು ಸಿಕ್ಕಿತು. 2005ರಲ್ಲಿ ಪ್ರಕಟಿಸಿದಾಗ ಗೊತ್ತಾದದ್ದು, ಎಡವಟ್ಟಾಗಿದ್ದುದು ಶೇಕರ್ ಎಂಬ ಜೀನಿನಲ್ಲಿ. ಬದಲಾಗಿದ್ದುದು ಒಂದೇ ಒಂದು ಅಮೈನೊ ಆಮ್ಲ. ನರಕೋಶ ಮಿಡಿದ ಮೇಲೆ ಪೊಟ್ಯಾಸಿಯಂ ಅಯಾನುಗಳು ಹೊರಗೆ ಹೋದರೆ ತಾನೇ ಕೋಶ ಶಾಂತವಾಗುವುದು? ಅವುಗಳಿಗೆ ದಾರಿ ಬಿಡುವ ಅಯಾನು ಚಾನೆಲ್‌ಗಳಲ್ಲಿ ಶೇಕರ್ ಒಂದು.

ತಮಾಷೆಯೆಂದರೆ ಶೇಕರ್ ಮ್ಯುಟೆಂಟ್ ಹಳೇ ಪರಿಚಯದ ನೊಣ. ಈಥರ್ ಕೊಟ್ಟಾಗ ಕಾಲು ನಡುಗಿಸುತ್ತದೆಂದು ಆ ಹೆಸರು. ದಶಕಗಳಿಂದ ಲ್ಯಾಬುಗಳಲ್ಲಿತ್ತು. ಹಾಗಿದ್ದೂ ಸೀಸೆಗಳಲ್ಲಿ ಸಾಕಿಕೊಂಡು ಬಂದ ಹಳೆಯ ಶೇಕರ್ ಸ್ಟಾಕ್‌ಗಳಲ್ಲಿ ಕೆಲವು ನೆಮ್ಮದಿಯಾಗಿ ಮಲಗುತ್ತಿದ್ದವು! ಮನೆಯಲ್ಲಿ ಒಬ್ಬರು ಕೆಲಸ ಬಿಟ್ಟರೆ ಉಳಿದವರು ಹೇಗೋ ಸುಧಾರಿಸಿಕೊಳ್ಳುವಂತೆ, ತಲೆಮಾರುಗಳುದ್ದಕ್ಕೂ ಬೇರೆ ಜೀನುಗಳಲ್ಲಿ ಸೇರಿಕೊಂಡ ಬದಲಾವಣೆಗಳು ಕೊರತೆಯನ್ನು ಮುಚ್ಚಿಹಾಕಿದ್ದವು. ಕ್ರಾಸ್ ಮಾಡಿ ಅವನ್ನು ತೆಗೆದುಹಾಕಿದ ಮೇಲೆಯೇ ಆ ನೊಣಗಳ ನಿದ್ದೆಯೂ ಕುಸಿದದ್ದು.

ಆದ್ದರಿಂದ ಯಾವ ಸ್ಟಾಕ್ ಬಂದರೂ ಮೊದಲು ವೈಲ್ಡ್‌ಟೈಪ್ (ಮ್ಯುಟೇಶನ್ ಇಲ್ಲದ) ನೊಣದ ಜೊತೆ ನಾಲ್ಕಾರು ತಲೆಮಾರು ಕ್ರಾಸ್ ಮಾಡು. ಗೈಡ್ ಅವಸರ ಮಾಡಿದರೂ ಮಾಡು. ‘ಏನೂ ವ್ಯತ್ಯಾಸ ಇಲ್ಲ’ ಅನ್ನುವ ಫಲಿತಾಂಶವನ್ನಂತೂ ಅದಕ್ಕೆ ಮುಂಚೆ ನಂಬಲೇಬೇಡ.

2008ರಲ್ಲಿ ಅಮಿತಾ ಸೆಹಗಲ್ ಅವರ ಲ್ಯಾಬಿನಿಂದ ಸ್ಲೀಪ್‌ಲೆಸ್ ಎಂಬ ಪ್ರೊಟೀನಿನ ಸುದ್ದಿ ಬಂತು. ಇದು ಇಲ್ಲದ ನೊಣದ ನಿದ್ದೆ ಶೇ. 80ಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಇದು ತಾನೇ ಚಾನೆಲ್ ಅಲ್ಲ. ಕೋಶದ ಪೊರೆಗೆ ಅಂಟಿಕೊಂಡಿದ್ದು, ಶೇಕರ್‌ನ ಪ್ರಮಾಣವನ್ನೂ ಕೆಲಸವನ್ನೂ ಕಾಯುತ್ತದೆ. ಅಸಿಟೈಲ್‌ಕೋಲಿನ್ ಗ್ರಾಹಿಗಳಿಗೆ ಲಗಾಮು ಹಾಕುವುದೂ ಇದೇ ಅಂತ ಆಮೇಲೆ ತಿಳಿಯಿತು. ಒಂದು ಪ್ರೊಟೀನಿಗೆ ಒಂದೇ ಕೆಲಸ ಅಂತ ಹೊರಡಬೇಡ.

ಇನ್ನೊಂದು, ನಿದ್ದೆ ಅಳೆಯುವ ಬಗ್ಗೆ. ಗಾಜಿನ ಕೊಳವೆಯ ನಡುವಿನ ಇನ್‌ಫ್ರಾರೆಡ್ ಕಿರಣವನ್ನು ಐದು ನಿಮಿಷ ದಾಟದಿದ್ದರೆ ಯಂತ್ರದ ಲೆಕ್ಕದಲ್ಲಿ ನೊಣ ಮಲಗಿತು. ಅದು ಮೂಲೆಯಲ್ಲಿ ಆಹಾರ ತಿನ್ನುತ್ತಿರಬಹುದು, ಕಾಯಿಲೆ ಬಿದ್ದಿರಬಹುದು. ಕ್ಯಾಮೆರಾ ಇಟ್ಟೂ ನೋಡು. ಕಾಯಿಲೆಯ ನೊಣವನ್ನು ಗುರುತಿಸಲು, ಎಚ್ಚರವಿದ್ದಾಗ ನಿಮಿಷಕ್ಕೆ ಎಷ್ಟು ಸಲ ಕಿರಣ ದಾಟಿತು ಅನ್ನುವುದನ್ನು ನಿದ್ದೆಯ ಲೆಕ್ಕದ ಪಕ್ಕದಲ್ಲೇ ಬರೆದಿಡು.