ಭಾಷಾಪದವಿಯೂ ಜೀವನೋಪಾಯವೂ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿರುವ ಈ ಸುಸಂದರ್ಭದಲ್ಲಿ, ತಾಳವಾಡಿ ಬೆಟ್ಟಸೀಮೆಯ ತಂದೆತಾಯಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದನ್ನೇ ಲೇಖನದ ವಿಷಯವಾಗಿ ಆರಿಸಿಕೊಂಡಿದ್ದೇನೆ. "ಮೇಷ್ಟ್ರೇ, ಮಗಳು ಕನ್ನಡದಲ್ಲೇ ಬಿ.ಎ., ಎಂ.ಎ. ಮಾಡುತ್ತೇನೆ ಎನ್ನುತ್ತಾಳೆ. ಅದರಿಂದ ಹೊಟ್ಟೆ ತುಂಬುತ್ತದೆಯೇ?" ಎಂಬುದೇ ಆ ಪ್ರಶ್ನೆ. ಈ ಶಾಲೆಯಲ್ಲಿ ಅಕ್ಷರ ಕಲಿತು, ಭಾಷಾಬೋಧನೆಯಿಂದಲೇ ಸಂಸಾರ ಸಾಗಿಸಿದವನು ನಾನು. ಆದರೂ ಇದಕ್ಕೆ ಅಭಿಮಾನದ ಮಾತಿನಿಂದ ಉತ್ತರಿಸುವುದು ಉಚಿತವಲ್ಲ. ಲೆಕ್ಕದ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ಮೊದಲು ಖರ್ಚನ್ನು ನೋಡೋಣ. ಕಾಲೇಜು ಶುಲ್ಕ, ಊಟ, ವಸತಿ, ಬಸ್ಸು ಎಲ್ಲ ಸೇರಿ ವರ್ಷಕ್ಕೆ 60,000 ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 1,80,000 ರೂಪಾಯಿ ಆಗುತ್ತದೆ. ಇಷ್ಟಕ್ಕೇ ಲೆಕ್ಕ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ಓದುವ ಕಾಲದಲ್ಲಿ ಕೈತಪ್ಪುವ ಕೂಲಿಯೂ ಖರ್ಚೇ. ದಿನಕ್ಕೆ 400 ರೂಪಾಯಿಯಂತೆ ವರ್ಷಕ್ಕೆ 250 ದಿನ ದುಡಿದರೆ ಮೂರು ವರ್ಷಕ್ಕೆ 3,00,000 ರೂಪಾಯಿ. ಒಟ್ಟು 4,80,000 ರೂಪಾಯಿ ಪದವಿಯ ನಿಜವಾದ ಬೆಲೆಯಾಯಿತು. ಪದವಿಯಿಂದ ತಿಂಗಳಿಗೆ 4,000 ರೂಪಾಯಿ ಮಾತ್ರ ಹೆಚ್ಚು ಬಂದರೆ ಈ ಹಣ ಮರಳಲು 10 ವರ್ಷ ಬೇಕು. 10,000 ರೂಪಾಯಿ ಹೆಚ್ಚು ಬಂದರೆ 4 ವರ್ಷ ಸಾಕು. ಇವು ಉದಾಹರಣೆಯ ಅಂಕಿಗಳು. ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಇನ್ನು ಆದಾಯ. ಕನ್ನಡ ಎಂ.ಎ.ಯಲ್ಲಿ ಶೇಕಡಾ 55 ಅಂಕ ಪಡೆದವರು ಯು.ಜಿ.ಸಿ.ಯ ಅರ್ಹತಾ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ 2023ರಿಂದ ನಿಗದಿಯಾದ ಮೊತ್ತ ತಿಂಗಳಿಗೆ 37,000 ರೂಪಾಯಿ. ಆದರೆ ಅಲ್ಲಿಗೆ ತಲುಪುವವರು ಕೆಲವರು ಮಾತ್ರ. ಅಧ್ಯಾಪಕ ಹುದ್ದೆಗಳೂ ಎಣಿಕೆಯವು. ಹಾಗಾದರೆ ಉಳಿದವರ ಗತಿಯೇನು? ಇದೇ ವಿಚಾರ ಮಾಡಬೇಕಾದ ಅಂಶ.

ಈ ಚಿಂತೆ ನಮ್ಮದು ಮಾತ್ರವಲ್ಲ. ಲ್ಯಾಟಿನ್ನಿನಿಂದ ಹುಟ್ಟಿದ ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್, ರೊಮೇನಿಯನ್ ಮೊದಲಾದ ಸೋದರ ಭಾಷೆಗಳಿಗೆ ರೋಮಾನ್ಸ್ ಭಾಷೆಗಳೆಂದು ಹೆಸರು. ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಇವುಗಳಿಗೆ ಪ್ರತ್ಯೇಕ ವಿಭಾಗಗಳಿವೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಎರಡು ಈ ಕುಲಕ್ಕೆ ಸೇರಿದವು. ಇಷ್ಟಿದ್ದೂ ಆ ಪದವಿಯಿಂದ ಸಂಬಳವೆಷ್ಟು ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಸ್ಪ್ಯಾನಿಷ್ ಬಲ್ಲವನು ಸ್ಪೇನಿನಲ್ಲಿ ವಿಶೇಷನಲ್ಲ. ಸ್ಪ್ಯಾನಿಷ್ ಗಿರಾಕಿಗಳಿರುವ ಬೆಂಗಳೂರಿನ ಕಂಪನಿಯಲ್ಲಿ ಅವನು ಬೇಕಾದವನು. ಅಲ್ಲಿಯೂ ಪದವಿಯ ಹೆಸರೊಂದೇ ಸಾಲದು. ಆರು ಹಂತಗಳ ಭಾಷಾಸಾಮರ್ಥ್ಯದಲ್ಲಿ ಅಭ್ಯರ್ಥಿ ಯಾವ ಹಂತದವನು ಎಂದು ವಿಚಾರಿಸುತ್ತಾರೆ. ಇದರಿಂದ ತಿಳಿಯಬೇಕಾದ ತತ್ತ್ವ ಇಷ್ಟೇ: ಭಾಷೆಗೆ ಹಣದ ಬೆಲೆ ಬರುವುದು ಎರಡು ಭಾಷೆಗಳ ನಡುವಣ ಸೇತುವೆಯ ಮೇಲೆ.

ಈ ತತ್ತ್ವವನ್ನು ನಮ್ಮ ಬೆಟ್ಟಕ್ಕೆ ಅನ್ವಯಿಸಿ ನೋಡೋಣ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಇದನ್ನು ನಾವು ಕಷ್ಟವೆಂದೇ ಎಣಿಸುತ್ತ ಬಂದಿದ್ದೇವೆ, ಕಷ್ಟವಿರುವುದೂ ನಿಜ. 2021ರ ಡಿಸೆಂಬರ್ ತಿಂಗಳ ಆದೇಶದಂತೆ ತಮಿಳುನಾಡಿನ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯವಾಯಿತು. ಅದರಲ್ಲಿ ಶೇಕಡಾ 40 ಅಂಕ ಬಾರದವರ ಉಳಿದ ಉತ್ತರಪತ್ರಿಕೆಗಳು ಪರಿಗಣನೆಗೆ ಬರುವುದಿಲ್ಲ. ಕನ್ನಡವೊಂದನ್ನೇ ಬರೆಯಬಲ್ಲ ನಮ್ಮ ಪದವೀಧರನಿಗೆ ತನ್ನ ರಾಜ್ಯದಲ್ಲಿಯೇ ಬಾಗಿಲು ಮುಚ್ಚುತ್ತದೆ. ಹಾಗೆಂದು ಕನ್ನಡವನ್ನು ಕೈಬಿಟ್ಟರೆ ಚಾಮರಾಜನಗರ, ಮೈಸೂರುಗಳ ಕಡೆಯ ಬಾಗಿಲೂ ಮುಚ್ಚುತ್ತದೆ.

ಎರಡನ್ನೂ ಉಳಿಸಿಕೊಂಡವನ ಸ್ಥಿತಿ ಬೇರೆ. ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಯಾವ ಪದವಿಯಾದರೂ ಆಗುತ್ತದೆ. ಆದರೆ ಅರ್ಜಿ ಹಾಕುವ ರಾಜ್ಯದ ಅಧಿಕೃತ ಭಾಷೆಯನ್ನು ಓದಲು, ಬರೆಯಲು, ಮಾತನಾಡಲು ಬರಬೇಕು. ಕನ್ನಡ ಬಿ.ಎ. ಮಾಡಿ ತಮಿಳನ್ನೂ ಶುದ್ಧವಾಗಿ ಬರೆಯಬಲ್ಲ ತಾಳವಾಡಿಯ ಹುಡುಗಿ ಎರಡು ರಾಜ್ಯಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಅದಕ್ಕೆ 500 ಅಂಕಗಳುಂಟು. ಅನುವಾದ, ಪತ್ರಿಕೆ, ನ್ಯಾಯಾಲಯ, ಆಸ್ಪತ್ರೆಗಳಲ್ಲಿಯೂ ಎರಡು ನುಡಿ ಬಲ್ಲವರಿಗೆ ಕೆಲಸವಿದೆ.

ಅನುವಾದದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ 'ಭಾಷಿಣಿ'ಯಂತಹ ವ್ಯವಸ್ಥೆಗಳ ಮೂಲಕ ಯಂತ್ರವೇ ಭಾಷಾಂತರ ಮಾಡುತ್ತಿದೆ. ಪದಕ್ಕೆ ಪದ ಇಡುವವನ ಕೂಲಿ ಇದರಿಂದ ಇಳಿಯುವುದು ಸಹಜ. ಯಂತ್ರದ ತಪ್ಪನ್ನು ಹಿಡಿದು ತಿದ್ದಬಲ್ಲವನಿಗೆ ಮಾತ್ರ ಬೆಲೆ. ಕನ್ನಡ, ತಮಿಳುಗಳು ಒಂದೇ ದ್ರಾವಿಡ ಕುಲದ ಸೋದರಿಯರು. 'ಪಾಲು'–'ಹಾಲು', 'ಪೂ'–'ಹೂ' ಎಂಬ ಜೋಡಿಗಳಲ್ಲಿ ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗಿರುವುದನ್ನು ನಮ್ಮ ಮಗು ಸಂತೆಯಲ್ಲಿಯೇ ಕೇಳಿ ಬೆಳೆಯುತ್ತದೆ. ಪರದೇಶದ ವಿದ್ಯಾರ್ಥಿ ಎರಡು ಸೋದರ ಭಾಷೆಗಳನ್ನು ಶುಲ್ಕ ಕೊಟ್ಟು ಕಲಿಯುತ್ತಾನೆ. ನಮಗೆ ಆ ಬಂಡವಾಳ ಹುಟ್ಟಿನಿಂದಲೇ ದೊರೆತಿದೆ. ಅದಕ್ಕೆ ಬರವಣಿಗೆಯ ಶಿಸ್ತನ್ನು ಕೂಡಿಸುವುದೇ ಪದವಿಯ ಕೆಲಸ.

ಆದುದರಿಂದ ಭಾಷಾಪದವಿಯನ್ನು ಬಯಸುವ ವಿದ್ಯಾರ್ಥಿಗಳಿಗೆ ನನ್ನ ಸೂಚನೆಗಳು ಮೂರು. ಕನ್ನಡವನ್ನು ಆಳವಾಗಿ ಓದಿರಿ. ತಮಿಳನ್ನು ಪರೀಕ್ಷೆಯ ಭಯದಿಂದಲ್ಲದೆ ಬಳಸುವ ಉದ್ದೇಶದಿಂದ ಬರೆಯಲು ಕಲಿಯಿರಿ. ಇಂಗ್ಲಿಷಿನೊಡನೆ ಲೆಕ್ಕಪತ್ರ, ಬೆರಳಚ್ಚು, ಬೋಧನೆ, ಇವುಗಳಲ್ಲಿ ಒಂದನ್ನಾದರೂ ಕೈವಶ ಮಾಡಿಕೊಳ್ಳಿರಿ. ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೇ: ಕನ್ನಡ ಓದಿದರೆ ಕೂಳಿಲ್ಲವೆಂದು ಮಗುವಿನ ಆಸೆಯನ್ನು ಮುರಿಯಬೇಡಿರಿ, ಕನ್ನಡವೊಂದೇ ಸಾಕೆಂದು ಹುಸಿ ಭರವಸೆಯನ್ನೂ ಕೊಡಬೇಡಿರಿ. ಮಗುವನ್ನು ಹತ್ತಿರ ಕೂರಿಸಿಕೊಂಡು, ಮೇಲೆ ಹೇಳಿದ ಲೆಕ್ಕವನ್ನು ಒಂದು ಸಂಜೆ ಕಾಗದದ ಮೇಲೆ ಬರೆದು ನೋಡಿರಿ. ತೀರ್ಮಾನ ಆಮೇಲೆ ಆಗಲಿ.